ಐದು ಚೌಕದಲ್ಲಿ ಹಿಡಿಸದ ಲೆಕ್ಕ

ಕಂಪ್ಲಿಯ ನಮ್ಮ ಕೇರಿಗೆ ಸಂಶೋಧನೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಬೈಕಿನ ಮೇಲೆ. ಬಂದ ಹುಡುಗ ಎಂ.ಕಾಂ. ಮುಗಿಸಿ ಪಿಎಚ್.ಡಿ.ಗೆ ಸೇರಿದವ. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಮುಖ್ಯವಲ್ಲ. ನಮ್ಮಂಥದೇ ಇನ್ನೊಂದು ಊರಿನ, ನಮ್ಮಂಥದೇ ಕೇರಿಯ ಹುಡುಗ. ಮಹಿಳಾ ಸ್ವಸಹಾಯ ಸಂಘ ಮತ್ತು ಕಿರುಸಾಲ ಅವನ ವಿಷಯ. ಬಗಲಲ್ಲಿ ಪ್ರಶ್ನಾವಳಿಯ ಕಟ್ಟು. ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕೂತಿದ್ದ ನಮ್ಮವ್ವನ ಮುಂದೆ ಕೂತು ಓದಿದ: 'ಸಂಘ ಸೇರಿದ ಮೇಲೆ ನಿರ್ಧಾರ ಕೈಗೊಳ್ಳುವ ನಿಮ್ಮ ಸಾಮರ್ಥ್ಯ ಹೆಚ್ಚಾಗಿದೆ. ಅವ್ವಾ, ಇದನ್ನ ಪೂರ್ತಿ ಒಪ್ತೀಯಾ, ಒಪ್ತೀಯಾ, ತಟಸ್ಥನಾ, ಒಪ್ಪಂಗಿಲ್ಲಾ, ಪೂರ್ತಿ ಒಪ್ಪಂಗಿಲ್ಲಾ?'

ಅವ್ವ ಮೊರ ಕೆಳಗಿಟ್ಟಳು. 'ಯಪ್ಪಾ, ಸೋಮವಾರದ ಸಂಘಕ್ಕ ಕಂತು ಕಟ್ಟಾಕ ಬುಧವಾರದ ಸಂಘದಾಗ ಎತ್ತಿದೆ. ಬುಧವಾರದ್ದಕ್ಕ ನಾಟಿ ಗುಂಪಿನ ಮೇಸ್ತ್ರಿ ಕಡೆ ಮುಂಗಡ ಇಸ್ಗಂಡೆ. ಮುಂಗಡಕ್ಕ ಈ ಸಲ ಗುತ್ತಿಗಿ ದುಡ್ಡು ಕೈಗೆ ಬರಲಿಲ್ಲ, ದುಡಿದು ತೀರಿಸೋದಾತು. ಮನಿಗೆ ಜ್ವಾಳ ಬೇಕಲ್ಲ, ತಂಗಿ ಕಡೆ ಕೈಗಡ. ತಂಗಿ ಎಲ್ಲಿಂದ ತಂದ್ಲು ಅಂದ್ರ ಆಕೀನೂ ಸಂಘದಾಗ ಎತ್ಯಾಳ. ಅದರಾಗ ನಾಕು ಹೆಣ್ಮಕ್ಕಳು ಒಬ್ಬರಿಗೊಬ್ಬರು ಜಾಮೀನು. ಒಬ್ಬಾಕಿ ಕಟ್ಟಲಿಲ್ಲಂದ್ರ ಉಳಿದವರ ಮನಿ ಮುಂದ ಕುಂದ್ರತಾರ. ಈಗ ನೀನೇ ಹೇಳು, ಒಪ್ಪಬೇಕಾ ಬ್ಯಾಡಾ?'

ಹುಡುಗ ಪೂರಾ ಕೇಳಿದ. ನಡುವೆ ಮೊಬೈಲು ನೋಡಲಿಲ್ಲ. ಕೊನೆಗೆ 'ಒಪ್ಪುತ್ತೇನೆ' ಎಂಬ ಚೌಕದಲ್ಲಿ ಗೀಟು ಹಾಕಿದ. ಯಾಕಪ್ಪಾ ಎಂದರೆ, 'ಇಷ್ಟು ಕಡೆ ಎತ್ತೋ ನಿರ್ಧಾರ ಅವ್ವನೇ ತಗೊಂಡಾಳಲ್ಲ ಅಣ್ಣಾ' ಎಂದು ನಕ್ಕ. ನಗುವಿನಲ್ಲಿ ನಾಚಿಕೆ ಇತ್ತು. ಆ ನಾಚಿಕೆ ಇದ್ದುದರಿಂದಲೇ ಈ ಲೇಖನ ಬರೆಯುತ್ತಿದ್ದೇವೆ. ನಾಚಿಕೆ ಇಲ್ಲದವರ ಬಗ್ಗೆ ಬರೆದು ಕಾಗದ ಹಾಳು ಮಾಡುವ ಉದ್ದೇಶ ನಮಗಿಲ್ಲ.

ಇಂಥ ಪತ್ರಿಕೆಯಲ್ಲಿ ಕತೆ, ಕವಿತೆ, ಕಾದಂಬರಿಗಳ ವಿಮರ್ಶೆ ಬರುತ್ತದೆ. ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ವಿಭಾಗಗಳ ಪಿಎಚ್.ಡಿ. ಪ್ರಬಂಧಗಳ ಗೊಡವೆ ಏಕೆ ಎಂದು ಗೆಳೆಯರು ಕೇಳಬಹುದು. ಅವೂ ನಮ್ಮ ಬಗ್ಗೆ ಬರೆದ ಬರಹಗಳೇ. ಕಾದಂಬರಿಕಾರ ನಮ್ಮವರನ್ನು ಹೇಗೆ ಚಿತ್ರಿಸಿದ ಎಂದು ಐವತ್ತು ವರ್ಷ ಜಗಳ ಆಡಿದ್ದೇವೆ, ಆಡಬೇಕಾಗಿತ್ತು. ಆದರೆ ಕಾದಂಬರಿ ಓದಿ ಯಾವ ಬ್ಯಾಂಕೂ ಬಡ್ಡಿ ಬದಲಿಸುವುದಿಲ್ಲ. 'ಸಂಘಗಳಿಂದ ಗ್ರಾಮೀಣ ಮಹಿಳೆ ಸಬಲಳಾಗಿದ್ದಾಳೆ' ಎಂಬ ಪ್ರಬಂಧದ ಸಾಲು ಮಾತ್ರ ಸೆಮಿನಾರಿಗೆ ಹೋಗುತ್ತದೆ, ಸೆಮಿನಾರಿನಿಂದ ವರದಿಗೆ ಹೋಗುತ್ತದೆ, ವರದಿಯಿಂದ ಸಾಲ ಕೊಡುವವನ ಜಾಹೀರಾತಿಗೆ ಹೋಗುತ್ತದೆ, ಅಲ್ಲಿಂದ ತಿರುಗಿ ನಮ್ಮ ಕಟ್ಟೆಗೇ ಬರುತ್ತದೆ. ಬಿ. ಬಸವಲಿಂಗಪ್ಪನವರು 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ರಾಜ್ಯಕ್ಕೇ ಬೆಂಕಿ ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಸಂಶೋಧನೆಯಲ್ಲಿ ಬೂಸಾ ಎಷ್ಟು ಎಂದು ಕೇಳಿದರೆ ಯಾವ ಬೆಂಕಿಯೂ ಬೀಳುವುದಿಲ್ಲ. ಯಾಕೆಂದರೆ ಅದನ್ನು ಓದಿದವರೇ ಇಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಹಮಾಲರಿಗೆ ಅಕ್ಕಿ, ನುಚ್ಚು, ತೌಡು, ಹೊಟ್ಟು ಇವನ್ನು ಕೈಯಿಂದ ಮುಟ್ಟಿ ಬೇರೆ ಮಾಡಲು ಬರುತ್ತದೆ. ಓದುಗರಾದ ನಮಗೂ ಬರಬೇಕು.

ಓದುವುದಕ್ಕೆ ಈಗ ಅಡ್ಡಿಯೂ ಇಲ್ಲ. ಶೋಧಗಂಗಾ ಎಂಬ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಯಾರು ಬೇಕಾದರೂ ಬಿಡಿಸಿ ನೋಡಬಹುದು. ನಾವು ಕೆಲವನ್ನು ನೋಡಿದೆವು. ನೋಡುತ್ತ ಹೋದಂತೆ ಹಳೆಯ ಷಟ್ಪದಿ ಕಾವ್ಯಗಳ ನೆನಪಾಯಿತು. ಅಲ್ಲಿ ದೇವತಾ ಸ್ತುತಿ, ಪುರವರ್ಣನೆ, ಋತುವರ್ಣನೆ ಬರಲೇಬೇಕು. ಇಲ್ಲಿ ಪೀಠಿಕೆ, ಪೂರ್ವ ಸಾಹಿತ್ಯ ಸಮೀಕ್ಷೆ, ಜಿಲ್ಲೆಯ ಪರಿಚಯ, ಅಂಕಿಅಂಶ ವಿಶ್ಲೇಷಣೆ, ಸಲಹೆಗಳು ಬರಲೇಬೇಕು. ಜಿಲ್ಲೆಯ ಪರಿಚಯದಲ್ಲಿ ಹಂಪಿಯ ಕಲ್ಲಿನ ರಥ ಬರುತ್ತದೆ, ತುಂಗಭದ್ರೆ ಬರುತ್ತದೆ. ತಲೆಬರಹದಲ್ಲಿ 'ಇಂಥ ಜಿಲ್ಲೆಯ ವಿಶೇಷ ಉಲ್ಲೇಖದೊಂದಿಗೆ' ಎಂಬ ಬಾಲ. ಬಾಲ ಕತ್ತರಿಸಿ ಬೇರೆ ಜಿಲ್ಲೆಯ ಹೆಸರು ಅಂಟಿಸಿದರೆ ಒಳಗಿನದು ಏನೂ ಕದಲುವುದಿಲ್ಲ. ಬಳ್ಳಾರಿಯ ಸಾಲಗಾರ್ತಿಯೂ ಮಂಡ್ಯದ ಸಾಲಗಾರ್ತಿಯೂ ಒಂದೇ ಉತ್ತರ ಕೊಟ್ಟಿರುತ್ತಾರೆ. ಯಾಕೆಂದರೆ ಉತ್ತರ ಅವರದ್ದಲ್ಲ, ಚೌಕದ್ದು.

ಈ ಐದು ಚೌಕದ ಅಳತೆಗೋಲಿಗೆ ಲೈಕರ್ಟ್ ಸ್ಕೇಲು ಎನ್ನುತ್ತಾರೆ. ರೆನ್ಸಿಸ್ ಲೈಕರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1932ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತನ್ನ ಪಿಎಚ್.ಡಿ.ಯಲ್ಲಿ ಕಟ್ಟಿದ್ದು. ಜನರ ಮನೋಭಾವ ಅಳೆಯುವುದಕ್ಕೆ ಅದು ಒಳ್ಳೆಯ ಸಾಧನವೇ. ಸಾಲ, ಮುಂಗಡ, ಜಾಮೀನು ಮನೋಭಾವಗಳಲ್ಲ, ಅವು ಲೆಕ್ಕಗಳು. ತಕ್ಕಡಿಯಲ್ಲಿ ಬಟ್ಟೆ ಅಳೆಯಲು ಹೋದರೆ ತಪ್ಪು ತಕ್ಕಡಿಯದ್ದಲ್ಲ.

ಇನ್ನೊಂದು ಸಂಖ್ಯೆ ಇದೆ, 384. ಪ್ರಬಂಧಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು ಮಾಡಿದ ಕೋಷ್ಟಕದ ಪ್ರಕಾರ ಹತ್ತು ಲಕ್ಷ ಜನರಿದ್ದರೂ 384 ಜನರನ್ನು ಕೇಳಿದರೆ ಸಾಕು. ಆದರೆ ಅದಕ್ಕೊಂದು ಷರತ್ತಿದೆ: ಆ 384 ಜನರನ್ನು ಚೀಟಿ ಎತ್ತಿದಂತೆ ಆರಿಸಿರಬೇಕು, ಹತ್ತು ಲಕ್ಷದಲ್ಲಿ ಯಾರಿಗೆ ಬೇಕಾದರೂ ಸರದಿ ಬರುವಂತಿರಬೇಕು. ಪ್ರಬಂಧದ ಒಂದು ಪುಟದಲ್ಲಿ 384 ಇರುತ್ತದೆ, ಮುಂದಿನ ಪುಟದಲ್ಲಿ 'ಅನುಕೂಲಕರ ಮಾದರಿ' ಎಂದಿರುತ್ತದೆ. ಅಂದರೆ ಸಿಕ್ಕವರನ್ನು ಕೇಳಿದ್ದೇವೆ ಎಂದು. ಭಾನುವಾರ ಕಟ್ಟೆಯ ಮೇಲೆ ಸಿಗುವವಳು ನಮ್ಮವ್ವ. ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವಳು ಸಿಗುವುದಿಲ್ಲ. ಸಿಗದವಳ ಉತ್ತರವೇ ಇಲ್ಲಿ ಅಸಲು ಉತ್ತರ. ಅವಳನ್ನು ಬಿಟ್ಟು ಎಷ್ಟು ಜನರನ್ನು ಕೇಳಿದರೂ ಸಬಲೀಕರಣವೇ ಬರುತ್ತದೆ.

ಪ್ರಬಂಧದಲ್ಲಿ ನಮ್ಮವ್ವನಿಗೆ ರೆಸ್ಪಾಂಡೆಂಟ್ ಎಂದು ಹೆಸರು. ಕೋರ್ಟಿನ ಕಾಗದದಲ್ಲಿ ಇದೇ ರೆಸ್ಪಾಂಡೆಂಟ್ ಅಂದರೆ ಎದುರುದಾರ. ಅರ್ಥ ಅಷ್ಟೇನೂ ದೂರ ಹೋಗಿಲ್ಲ.

ಹುಡುಗನ ಪರವಾಗಿಯೂ ಹೇಳಬೇಕು. ನಮ್ಮ ಸೀಮೆಯ ಕಾಲೇಜುಗಳು ಮೊದಲು ಧಾರವಾಡಕ್ಕೆ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬಳ್ಳಾರಿಗೆ ತನ್ನದೇ ಆದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ಅಲ್ಲಿ ವಾಣಿಜ್ಯವೂ ಇದೆ, ಮ್ಯಾನೇಜ್‌ಮೆಂಟೂ ಇದೆ. ಸಂಡೂರಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ಮನೆಯಲ್ಲಿ ಮೊದಲು ಪೆನ್ನು ಹಿಡಿದ ಹುಡುಗ ಹುಡುಗಿಯರು ಸಂಶೋಧನೆಯ ಬಾಗಿಲಿಗೆ ಬರಲು ಇಷ್ಟು ವರ್ಷ ಹಿಡಿಯಿತು. ಬಾಗಿಲಲ್ಲಿ ನಿಯಮಗಳು ಕಾಯುತ್ತಿದ್ದವು. 2016ರ ಯುಜಿಸಿ ನಿಯಮದಲ್ಲಿ ಪ್ರಬಂಧ ಕೊಡುವ ಮೊದಲು ಒಂದು ಲೇಖನ ಪ್ರಕಟಿಸಬೇಕಿತ್ತು, ಎರಡು ಸಮ್ಮೇಳನಗಳಲ್ಲಿ ಓದಬೇಕಿತ್ತು. ದುಡ್ಡು ತೆಗೆದುಕೊಂಡು ಅಚ್ಚು ಹಾಕುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. 2022ರ ನಿಯಮ ಆ ಕಡ್ಡಾಯ ತೆಗೆದುಹಾಕಿತು, ಎಂ.ಫಿಲ್. ಅನ್ನೂ ತೆಗೆಯಿತು. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಎಂದು 2018ರಲ್ಲಿ ಹೇಳಿದರು. 2023ರಲ್ಲಿ ನೆಟ್, ಸೆಟ್ ಇದ್ದರೂ ಸಾಕು ಎಂದರು. ಈ ಏಣಿ ಇಡುವುದು, ತೆಗೆಯುವುದು ನಡೆಯುವಾಗ ನಡುವಿನ ಮೆಟ್ಟಿಲಲ್ಲಿ ನಿಂತವರು ನಮ್ಮ ಹುಡುಗರು. ಹೊಸ ಪ್ರಶ್ನೆ ಕೇಳಿ ಗೈಡ್ ಮುನಿಸಿಕೊಂಡರೆ ಒಂದು ವರ್ಷ ಹೋಯಿತು. ಮೊದಲೇ ಪಾಸಾದ ಪ್ರಬಂಧದ ಅಚ್ಚಿನಲ್ಲಿ ತನ್ನದನ್ನು ಎರಕ ಹೊಯ್ದರೆ ಡಿಗ್ರಿ ಬಂತು. ಹೆದರಿದವನನ್ನು ಹೇಡಿ ಎನ್ನುವುದು ಸುಲಭ, ಅವನ ಮನೆಯ ಬಾಡಿಗೆ ನಾವು ಕಟ್ಟುವುದಿಲ್ಲವಲ್ಲ.

ಆದರೂ ಹೆದರಿಕೆಯೇ ಕೊನೆಯ ಮಾತಾಗಬಾರದು. ಇದೇ ಕೊಲಂಬಿಯಾದಲ್ಲಿ, ಲೈಕರ್ಟ್‌ಗಿಂತ ಮುಂಚೆ, ನಮ್ಮವನೊಬ್ಬ ಓದಿದ್ದ. 1915ರಲ್ಲಿ ಎಂ.ಎ. ಪದವಿಗೆ ಬಾಬಾಸಾಹೇಬರು ಬರೆದದ್ದು ಪ್ರಾಚೀನ ಭಾರತದ ವಾಣಿಜ್ಯದ ಬಗ್ಗೆ. ಅವರ ಚಿತ್ರ ಹಾಕಿ ಜಯಂತಿ ಮಾಡುವ ಎಷ್ಟು ವಾಣಿಜ್ಯ ವಿಭಾಗಗಳಿಗೆ ಇದು ಗೊತ್ತಿದೆಯೋ! 1918ರಲ್ಲಿ ಅವರು ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿಗೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದರು. 1913ರಲ್ಲಿ ಶುರುವಾದ ಆ ಕಾಲೇಜು ಈ ದೇಶದ ಮೊದಲ ವಾಣಿಜ್ಯ ಕಾಲೇಜು. ಅಧ್ಯಾಪಕರ ಕೋಣೆಯ ನೀರಿನ ಹೂಜಿಯನ್ನು ಅವರು ಮುಟ್ಟಬಾರದೆಂದು ಜೊತೆಯ ಪ್ರಾಧ್ಯಾಪಕರು ತಕರಾರು ಮಾಡಿದರು. ನಮ್ಮ ದೇಶದ ವಾಣಿಜ್ಯ ಶಿಕ್ಷಣದ ಇತಿಹಾಸ ಬರೆಯುವವರು ಆ ಹೂಜಿಯಿಂದ ಶುರು ಮಾಡಲಿ. 1920ರಲ್ಲಿ ಕೆಲಸ ಬಿಟ್ಟು ಮತ್ತೆ ಲಂಡನ್ನಿಗೆ ಹೋದ ಅವರು 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧಕ್ಕೆ ಡಿ.ಎಸ್ಸಿ. ಪಡೆದರು. ಓದಲು ಕಷ್ಟದ ಪುಸ್ತಕ, ನಮಗೂ ಪೂರ್ತಿ ಹತ್ತಿಲ್ಲ. ಹತ್ತಿದ್ದು ಇಷ್ಟು. ರೂಪಾಯಿಯ ಬೆಲೆ ಇಳಿದರೆ ರಫ್ತು ಹೆಚ್ಚುತ್ತದೆ, ದೇಶಕ್ಕೆ ಲಾಭ ಎಂದು ವ್ಯಾಪಾರಸ್ಥರು ಹೇಳುತ್ತಿದ್ದ ಕಾಲದಲ್ಲಿ ಅವರು ಆ ಲಾಭ ಯಾರ ಜೇಬಿನಿಂದ ಬಂತು ಎಂದು ಹಿಂದಕ್ಕೆ ಲೆಕ್ಕ ಹಾಕಿದರು. ಬೆಲೆ ಏರುತ್ತದೆ, ಕೂಲಿ ಅಷ್ಟು ಬೇಗ ಏರುವುದಿಲ್ಲ. ವ್ಯಾಪಾರಿಯ ಲಾಭ ಕೂಲಿಯವನ ರೊಟ್ಟಿಯಿಂದ ಮುರಿದದ್ದು. ಕೇನ್ಸ್ ಅಂಥ ದೊಡ್ಡವರು ಬೆಂಬಲಿಸಿದ ವ್ಯವಸ್ಥೆಗೆ ವಿದ್ಯಾರ್ಥಿಯೊಬ್ಬ ಹೀಗೆ ಎದುರು ನಿಂತ. ಅವರ ಬಳಿ ಕೋಷ್ಟಕ ಇರಲಿಲ್ಲವೆಂದಲ್ಲ. ಕೋಷ್ಟಕವನ್ನು ಯಾವ ತುದಿಯಿಂದ ಓದಬೇಕೆಂದು ಗೊತ್ತಿತ್ತು.

ಈ ತುದಿಯಿಂದ ಓದಿದ ಕೆಲಸಗಳು ಇತ್ತೀಚೆಗೂ ಬಂದಿವೆ. 2007ರಲ್ಲಿ ಸುಖದೇವ ಥೋರಟ್ ಮತ್ತು ಪಾಲ್ ಆಟ್‌ವೆಲ್ ಒಂದು ಪ್ರಯೋಗ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಕೆಲಸದ ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದರು. ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಮೇಲುಜಾತಿ ಹೆಸರಿಗೆ ಕರೆ ಬರುವ ಸಾಧ್ಯತೆಯನ್ನು ಒಂದು ಎಂದು ಹಿಡಿದರೆ ದಲಿತ ಹೆಸರಿಗೆ 0.67. 2012ರಲ್ಲಿ ಅಜಿತ್, ಡೋಂಕರ್, ಸಕ್ಸೇನಾ ಎಂಬ ಮೂವರು ದೇಶದ ಸಾವಿರ ದೊಡ್ಡ ಕಂಪನಿಗಳ ನಿರ್ದೇಶಕರ ಜಾತಿ ಹುಡುಕಿದರು. ನೂರಕ್ಕೆ 93 ಮೇಲುಜಾತಿ. ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿ 3.5. ಆ ಕೆಲಸ ನಡೆದದ್ದು ಕೆನಡಾದ ವಿಶ್ವವಿದ್ಯಾಲಯದಲ್ಲಿ. 2013ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ನಂಟಿದ್ದ ಅಯ್ಯರ್, ಖನ್ನಾ, ವರ್ಷ್ನೇಯ ಅವರು ನಮ್ಮದೇ ಸರ್ಕಾರದ ಆರ್ಥಿಕ ಗಣತಿ ಬಿಡಿಸಿ, 2005ರಲ್ಲಿ ಪರಿಶಿಷ್ಟ ಜಾತಿಯವರ ಒಡೆತನದ ಉದ್ದಿಮೆಗಳು ನೂರಕ್ಕೆ 9.8 ಎಂದು ತೋರಿಸಿದರು. ಜನಸಂಖ್ಯೆಯಲ್ಲಿ ಪಾಲು 16.4 ಇತ್ತು. ಮೂರೂ ಒಂದೇ ವಾರಪತ್ರಿಕೆಯಲ್ಲಿ, ಮುಂಬಯಿಯ ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬಂದವು. ಸಂಖ್ಯೆಗಳು ಇಲ್ಲಿಯವು. ನಿರ್ದೇಶಕರ ಹೆಸರು ಕಂಪನಿಗಳ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುತ್ತವೆ, ಜಾಹೀರಾತು ಭಾನುವಾರದ ಪೇಪರಿನಲ್ಲಿ ಇರುತ್ತದೆ, ಗಣತಿ ಸರ್ಕಾರದ್ದು. ಕೇಳುವ ಬಾಯಿ ಮಾತ್ರ ದೂರದಿಂದ ಬರಬೇಕಾಯಿತು.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಐಐಎಂ ಶುರುವಾದದ್ದು 1973ರಲ್ಲಿ, ಬೂಸಾ ಗಲಾಟೆಯ ವರ್ಷವೇ. ಎಂ.ಬಿ.ಎ.ಗೆ ಸಮಾನವಾದ ಕೋರ್ಸಿಗೆ ಮೀಸಲಾತಿ ಇತ್ತು. ಡಾಕ್ಟರೇಟಿಗೆ ಮೀಸಲಾತಿ ಕೊಡಲು ಐಐಎಂಗಳು ಬಹುಕಾಲ ಒಪ್ಪಲಿಲ್ಲ. ಡಾಕ್ಟರೇಟು ಇಲ್ಲದೆ ಪ್ರಾಧ್ಯಾಪಕನಿಲ್ಲ, ಪ್ರಾಧ್ಯಾಪಕನಿಲ್ಲದೆ ಗೈಡ್ ಇಲ್ಲ, ಗೈಡ್ ಇಲ್ಲದೆ ಪ್ರಶ್ನೆ ಇಲ್ಲ. ಸೋರುವ ಜಾಗ ಇದೇ. ಆ ಸಂಸ್ಥೆಯೊಳಗಿದ್ದವರೇ ಈ ಲೆಕ್ಕ ಎತ್ತಿ ಬರೆದರು ಎಂಬುದು ಅದರ ಗೌರವ. 2024ರ ಡಿಸೆಂಬರಿನಲ್ಲಿ ಅಲ್ಲಿಯ ದಲಿತ ಪ್ರಾಧ್ಯಾಪಕರೊಬ್ಬರು ಕೊಟ್ಟ ಜಾತಿ ತಾರತಮ್ಯದ ದೂರಿನ ಮೇಲೆ ಪೊಲೀಸರು ಎಫ್ಐಆರ್ ಹಾಕಿದರು. ಸಂಸ್ಥೆ ಆರೋಪ ಅಲ್ಲಗಳೆಯಿತು, ಹೈಕೋರ್ಟು ತಡೆ ಕೊಟ್ಟಿತು. ಯಾರದು ಸರಿ ಎಂದು ಕೋರ್ಟು ಹೇಳಬೇಕು, ನಾವಲ್ಲ. 1918ರ ಹೂಜಿ ನೆನಪಾಗುವುದನ್ನು ಮಾತ್ರ ಯಾವ ಕೋರ್ಟೂ ತಡೆಯಲಾರದು.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಬಳ್ಳಾರಿ ಸೀಮೆಯ ವ್ಯವಹಾರದ ಮೇಲೆ ನಡೆದ ಅತ್ಯುತ್ತಮ ಸಂಶೋಧನೆ ಯಾವುದು ಎಂದು ಯಾರಾದರೂ ಕೇಳಿದರೆ ನಾವು 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರು ಕೊಟ್ಟ ಲೋಕಾಯುಕ್ತ ವರದಿಯನ್ನು ತೋರಿಸುತ್ತೇವೆ. ಅದನ್ನು ಬರೆದದ್ದು ಯಾವ ಮ್ಯಾನೇಜ್‌ಮೆಂಟ್ ವಿಭಾಗವೂ ಅಲ್ಲ. ಸಂಡೂರಿನ ಗುಡ್ಡದಿಂದ ಹೊರಟ ಅದಿರು ಬೇಲೆಕೇರಿಯ ಬಂದರು ಮುಟ್ಟುವ ತನಕ ಯಾವ ಲಾರಿ, ಯಾವ ಪರ್ಮಿಟ್ಟು, ಯಾವ ಬ್ಯಾಂಕಿನ ಖಾತೆ ಎಂದು ಯು.ವಿ. ಸಿಂಗ್ ಅವರಂಥ ಅರಣ್ಯ ಅಧಿಕಾರಿಗಳು ಒಂದೊಂದು ಚೀಟಿಗೆ ಇನ್ನೊಂದು ಚೀಟಿ ಹೊಂದಿಸಿ ನೋಡಿದರು. ಇದಕ್ಕೆ ತರಗತಿಯಲ್ಲಿ ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಎಂದು ಪಾಠ ಮಾಡುತ್ತಾರೆ, ಉದಾಹರಣೆ ಜಪಾನಿನ ಕಾರಿನ ಕಂಪನಿಯದು. ನಂದಿಹಳ್ಳಿಯ ಆಸುಪಾಸಿನಲ್ಲೇ ಗುಡ್ಡ ಕರಗಿದ್ದು ಪಾಠಕ್ಕೆ ಬರುವುದು ಯಾವಾಗ?

ಆ ವರದಿಗೂ ಕಾಣದೆ ಉಳಿದ ಒಂದು ಭಾಗವಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿ, ನಾವು ಅದರ ಪರ. ಆದರೆ ಮಾರನೆಯ ದಿನದಿಂದ ಅದಿರು ಆರಿಸುವವಳು, ಲಾರಿ ಕ್ಲೀನರು, ದಾರಿಯ ಬದಿಯ ಚಾ ಅಂಗಡಿಯವ ಏನಾದರು? ಯಾರು ಹೊಲಕ್ಕೆ ಮರಳಿದರು, ಯಾರು ಬೆಂಗಳೂರಿನ ಕಟ್ಟಡಗಳಿಗೆ ಹೋದರು, ಲಾರಿಯ ಸಾಲ ಯಾರ ಕೊರಳಿಗೆ ಬಿತ್ತು? ಇದು ಪೊಲೀಸರ ಪ್ರಶ್ನೆಯಲ್ಲ, ವಾಣಿಜ್ಯದ ಸಂಶೋಧಕರ ಪ್ರಶ್ನೆ. ಕೇಳುವ ಕಾಲವಿನ್ನೂ ಮೀರಿಲ್ಲ, ಆ ಜನ ಬದುಕಿದ್ದಾರೆ.

ಮತ್ತೆ ನಮ್ಮವ್ವನ ಸಾಲಕ್ಕೆ ಬಂದರೆ, ಅಲ್ಲಿಯೂ ಹಾಗೇ. ನಮ್ಮ ರಾಜ್ಯದಲ್ಲಿ 1980ರ ದಶಕದಲ್ಲಿ ಮೈರಾಡ ಸಂಸ್ಥೆ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. 2000ದಲ್ಲಿ ಸ್ತ್ರೀಶಕ್ತಿ ಬಂತು. ಇವು ಹೆಂಗಸರು ತಮ್ಮ ಉಳಿತಾಯದಿಂದ ಕಟ್ಟಿದ ಸಂಘಗಳು. ಅದೇ 'ಸಂಘ' ಎಂಬ ಹೆಸರು ಹೊತ್ತು ಬಂದ ಫೈನಾನ್ಸ್ ಕಂಪನಿಗಳು ಬೇರೆ ಜಾತಿಯವು. ಪಕ್ಕದ ಆಂಧ್ರದಲ್ಲಿ 2010ರಲ್ಲಿ ವಸೂಲಿಯ ಕಾಟಕ್ಕೆ ಜನ ಸತ್ತರು, ಸುಗ್ರೀವಾಜ್ಞೆ ಬಂತು. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರವೂ ಸುಗ್ರೀವಾಜ್ಞೆ ತಂದಿತು, ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು. ಅಷ್ಟರಲ್ಲಿ ಎಷ್ಟೋ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದಿತ್ತು. ಸಂಘಗಳ ಮೇಲೆ ಅಷ್ಟು ಪ್ರಬಂಧ ಬರೆದ ವಿಭಾಗಗಳಿಂದ ಒಂದು ಎಚ್ಚರಿಕೆಯ ಮಾತು ನಮ್ಮ ಕೇರಿಯ ತನಕ ಬರಲಿಲ್ಲವೆಂದರೆ, ಅವರು ಅಳೆದದ್ದೇನು? ಅರ್ಧ ಆದಾಯದ ನಿಯಮವನ್ನೇ ತೆಗೆದುಕೊಳ್ಳಿ. ಸೋಮವಾರದ ಕಂತು ಕಾಗದದಲ್ಲಿ ಇರುತ್ತದೆ. ಮೇಸ್ತ್ರಿಯ ಮುಂಗಡ, ತಂಗಿಯ ಕೈಗಡ ಯಾವ ಕಾಗದದಲ್ಲೂ ಇಲ್ಲ. ಅವೆರಡನ್ನೂ ಕೂಡಿಸಿದರೆ ಆದಾಯದ ಅರ್ಧ ಎಲ್ಲಿ ಉಳಿಯಿತು? ನಾಟಿಯ ಕಾಲ, ಕಳೆಯ ಕಾಲ, ಕೊಯ್ಲಿನ ಕಾಲ ಎಂದು ಒಂದು ವರ್ಷ ಒಂದೇ ಹತ್ತು ಮನೆಗಳ ಲೆಕ್ಕ ವಾರ ವಾರ ಬರೆದುಕೊಂಡರೆ ಸಾಕು, 384 ಬೇಡ. ಕಾಲುವೆಗೆ ನೀರು ಬಿಟ್ಟ ವಾರಕ್ಕೂ ಸಾಲ ಎತ್ತಿದ ವಾರಕ್ಕೂ ಏನು ಸಂಬಂಧ ಎಂಬುದು ಅದರಲ್ಲೇ ಕಾಣುತ್ತದೆ. ಇದಕ್ಕೆ ಸಾಫ್ಟ್‌ವೇರು ಬೇಕಿಲ್ಲ, ಒಂದು ನೂರು ಹಾಳೆಯ ನೋಟ್‌ಬುಕ್ಕು, ವರ್ಷಪೂರ್ತಿ ಬಂದು ಕೂರುವ ಸಹನೆ ಬೇಕು. ಹೊರಗಿನವರು ಬಂದರೆ ಮೇಸ್ತ್ರಿಯ ಹೆಸರನ್ನೂ ಅವ್ವ ಹೇಳುವುದಿಲ್ಲ. ನಮ್ಮ ಹುಡುಗನಿಗೆ ಹೇಳಿದಳು. ಅವನಿಗಿದ್ದ ದೊಡ್ಡ ಬಂಡವಾಳ ಅದು. ಅದನ್ನು ಅವನು ಚೌಕದೊಳಗೆ ಹಾಕಿ ಕಳೆದ.

ಭಾಷೆಯದೊಂದು ಮಾತು ಉಳಿದಿದೆ. ವಾಣಿಜ್ಯದ ಪ್ರಬಂಧಗಳು ಬಹುಪಾಲು ಇಂಗ್ಲಿಷಿನಲ್ಲಿ. ಒಂದು ಬಸ್ಸಿನ ದಾರಿಯಲ್ಲಿ, ಹಂಪಿಯಲ್ಲಿ, 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಅಲ್ಲಿ ಕನ್ನಡದಲ್ಲೇ ಸಂಶೋಧನೆ. ಅಕ್ಷರ ಕಲಿಯದ ದರೋಜಿ ಈರಮ್ಮ ನೆನಪಿನಲ್ಲಿ ಹೊತ್ತಿದ್ದ ಬುರ್ರಕತೆಗಳನ್ನು ಬರೆಸಿಕೊಂಡು ಅಚ್ಚು ಹಾಕಿದ್ದು, ಅವರಿಗೆ ನಾಡೋಜ ಎಂದು ಕೈ ಮುಗಿದದ್ದು ಆ ವಿಶ್ವವಿದ್ಯಾಲಯವೇ. 2014ರಲ್ಲಿ ಈರಮ್ಮ ತೀರಿಕೊಂಡರು, ಕತೆಗಳು ಉಳಿದವು. ಬುಡಗ ಜಂಗಮರ ಹೆಣ್ಣುಮಗಳ ಬಾಯಲ್ಲಿದ್ದದ್ದು ಕಾವ್ಯ ಎಂದು ಒಪ್ಪಲು ನಮ್ಮ ಪಂಡಿತರಿಗೆ ಬಹಳ ಕಾಲ ಹಿಡಿಯಿತು. ನಾಟಿ ಹಚ್ಚುವ ಹೆಣ್ಣುಮಗಳ ಬಾಯಲ್ಲಿರುವುದು ಲೆಕ್ಕಪತ್ರ ಎಂದು ಒಪ್ಪಲು ವಾಣಿಜ್ಯದವರಿಗೆ ಇನ್ನೆಷ್ಟು ಕಾಲ ಬೇಕೋ.

ಈ ಸಾಲುಗಳನ್ನು ಓದುವ ಗೆಳೆಯರಲ್ಲಿ ಪಿಎಚ್.ಡಿ. ಮಾಡುವವರಿದ್ದರೆ, ಪ್ರಬಂಧದ ಒಂದು ಅಧ್ಯಾಯವನ್ನಾದರೂ ಕನ್ನಡ ಮಾಡಿ ಪತ್ರಿಕೆಗೆ ಕಳಿಸಿ. ನೀವು ಕೇಳಿದ ಊರಿನ ಶಾಲೆಯ ಮೇಷ್ಟ್ರಿಗೆ ಒಂದು ಪ್ರತಿ ಕೊಡಿ, ಸಂಜೆ ಕಟ್ಟೆಯ ಮೇಲೆ ಓದಿಸಿ. ಉತ್ತರ ಕೊಟ್ಟವರು ತಿದ್ದಲಿ. ಬೈದರೆ ಬೈಯಲಿ.

ಹುಡುಗ ಮೊನ್ನೆ ಫೋನು ಮಾಡಿದ್ದ. ಅವ್ವ ಹೇಳಿದ್ದನ್ನು ಅವತ್ತೇ ರಾತ್ರಿ ರೂಮಿಗೆ ಹೋಗಿ ಬರೆದಿಟ್ಟುಕೊಂಡಿದ್ದನಂತೆ. ಗೈಡಿಗೆ ತೋರಿಸಿದನಂತೆ. ಅಧ್ಯಾಯದೊಳಗೆ ಬೇಡ, ಹಿಂದೆ ಅನುಬಂಧದಲ್ಲಿ ಒಂದು ಪುಟ ಹಾಕು ಎಂದರಂತೆ. ಅಷ್ಟಾದರೂ ಆಯಿತಲ್ಲ ಎಂದೆವು. 'ಬರೆಯಾಕ ಕುಂತೀನಿ ಅಣ್ಣಾ, ಒಂದು ಕಡೆ ನಿಂತದ. ಕೈಗಡಕ್ಕ ಇಂಗ್ಲಿಷಿನಾಗ ಏನಂತಾರ?' ಎಂದು ಕೇಳಿದ. ನಮಗೂ ಗೊತ್ತಿರಲಿಲ್ಲ. ಕೈಗಡ ಅಂತಲೇ ಬರಿ ಎಂದೆವು.